ಕೂಸು ಸೊರಗೇತಿ

ನಾನು ಇಂಗ್ಲೆಂಡಿಗೆ ಹೊರಟಿದ್ದೇನೆ ಅನ್ನುವ ಸುದ್ದಿ ಅಕ್ಕಿಆಲೂರಿನ ನಮ್ಮ ಓಣಿಯಲ್ಲಿ ಹಬ್ಬಿದಾಗ, ಮಾತಾಡಿಸಲು ಬಂದವರಿಗೆಲ್ಲ ನಮ್ಮವ್ವ ಹೇಳಿದ್ದು ಒಂದೇ ಮಾತು.

"ಏನೂ ದೊಡ್ಡದಲ್ರಿ. ಅಲ್ಲೆ ಕೂಸು ನೋಡಿಕೊಳ್ಳಾಕ ಮಂದಿ ಕಡಿಮಿ ಬಿದ್ದಾರಂತ. ಬ್ಯಾರೆ ಯಾರೂ ಸಿಗಲಾರದ್ದಕ್ಕ ಇಕಿನ್ನ ಕರದಾರ."

ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಗೆ ಕೇಳಿಸಲಿ ಅಂತಲೇ ಪಾತ್ರೆಯನ್ನು ಕುಕ್ಕಿದೆ. ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ ಓದಿ, ಆಮೇಲೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ಬಸ್ಸುಗಳಲ್ಲಿ ನಿಂತೇ ಓಡಾಡಿ ವರ್ಷಗಟ್ಟಲೆ ದುಡಿದು, ಕಂಪ್ಯೂಟರಿನ ಮುಂದೆ ಕೂತು ಪರದೇಶದವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಗಿಟ್ಟಿಸಿಕೊಂಡ ನೌಕರಿ ಅದು. ಕಷ್ಟದಲ್ಲಿರುವ ಮಕ್ಕಳ ಮನೆಗಳಿಗೆ ಹೋಗಿ, ಆ ಮಕ್ಕಳು ಅಲ್ಲಿ ಸುರಕ್ಷಿತವಾಗಿದ್ದಾರೋ ಇಲ್ಲವೋ ನೋಡುವ ಸೋಶಿಯಲ್ ವರ್ಕರ್ ಕೆಲಸ. ಅವ್ವನ ಬಾಯಲ್ಲಿ ಅದು ಕೂಸು ಎತ್ತಿಕೊಳ್ಳುವ ಕೂಲಿಯಾಗಿ ಹೋಗಿತ್ತು.

ಬಂದವರು ಹೋದ ಮೇಲೆ ಜಗಳ ತೆಗೆದೆ. "ಒಮ್ಮೆರ ಮಗಳು ಶ್ಯಾಣ್ಯಾಕಿ ಅಂತ ಅನ್ನಬಾರದೇನ ಬೇ?"

ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಶ್ಯಾಣ್ಯಾಕಿ ಇದ್ದಿದ್ರ ಹಿಂಗ ಜಗಳಾ ತಗೀತಿದ್ದಿಲ್ಲ" ಅಂದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮವ್ವ ಆ ಗಾದೆ ಕೇಳಿರಲಿಲ್ಲ ಅಂತ ಕಾಣುತ್ತದೆ. ಚಿಕ್ಕಂದಿನಿಂದ ನನ್ನನ್ನು ಕರೆದದ್ದೆಲ್ಲ ಕರಿಬೂಚಿ, ಕಡ್ಡಿ, ಹೆಡ್ಡಿ ಅಂತಲೇ. ನಾನು ತರಗತಿಗೆ ಮೊದಲು ಬಂದ ವರ್ಷ ಪಕ್ಕದ ಮನೆಯವರಿಗೆ "ಏನೋ ಪಾಸಾಗ್ಯಾಳ್ರಿ" ಅಂದಿದ್ದಳು. ಎಲ್ಲದಕ್ಕೂ ಕಾರಣ ನೆದರು, ಅಂದರೆ ಕೆಟ್ಟ ಕಣ್ಣು ತಗಲುವ ಭಯ. ಕಲ್ಲೇಟು ತಪ್ಪಿಸಿಕೊಂಡರೂ ಕಣ್ಣೇಟು ತಪ್ಪಿಸಿಕೊಳ್ಳಲಾಗದು ಅನ್ನುವುದು ಅವಳ ಪಾಲಿಗೆ ಗಾದೆಯಲ್ಲ, ಕಾನೂನು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವನು, ಇದನ್ನೆಲ್ಲ ಮೂಢನಂಬಿಕೆ ಅಂತ ಬೈಯುತ್ತಿದ್ದ. ಅವನು ಬುದ್ಧನ ಪಟ ತಂದು ಗೋಡೆಗೆ ಹಾಕಿದ ದಿನವೇ ಅವ್ವ ಅದರ ಚೌಕಟ್ಟಿನ ಮೂಲೆಗೆ ಒಂದು ಕಾಡಿಗೆಯ ಬೊಟ್ಟು ಇಟ್ಟಳು. ಅಷ್ಟು ಚಂದದ ಮುಖಕ್ಕೆ ಯಾರದಾದರೂ ಕಣ್ಣು ಬಿದ್ದೀತು ಅಂತ. ಅಪ್ಪ ನಕ್ಕು ಸುಮ್ಮನಾದ, ಬೊಟ್ಟು ಇನ್ನೂ ಇದೆ.

ನನಗೆ ಅವ್ವನ ಈ ಕಾನೂನು ಕೆಲಸಕ್ಕೆ ಬಂದದ್ದು ನೌಕರಿ ಸೇರಿದ ಮೇಲೆ. ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಬಾಣಂತಿಯರ ಮನೆಗೆ ಹೋಗಿ ಕೂಸಿನ ಆರೋಗ್ಯ ವಿಚಾರಿಸುವುದು, ತೂಕ ಕಡಿಮೆ ಇದ್ದರೆ ಆಸ್ಪತ್ರೆಗೆ ಕಳಿಸುವುದು ನನ್ನ ಕೆಲಸ. ಮೊದಲ ತಿಂಗಳಲ್ಲೇ ಸವಣೂರಿನ ಹತ್ತಿರ ಎಲೆಬಳ್ಳಿ ತೋಟದವರ ಮನೆಯೊಂದಕ್ಕೆ ಹೋದೆ. ತೊಟ್ಟಿಲಲ್ಲಿ ಗುಂಡಗಿನ ಕೂಸು ಕೈಕಾಲು ಬಡಿಯುತ್ತಿತ್ತು. ಕಾಲೇಜಿನಲ್ಲಿ ಕಲಿಸಿದಂತೆ, ತಾಯಿಗೆ ಧೈರ್ಯ ಬರಲಿ ಅಂತ, "ಎಷ್ಟು ಚಂದ ಐತಿ, ಎಷ್ಟು ದುಂಡಗ ಐತಿ" ಅಂದುಬಿಟ್ಟೆ. ಮನೆಯ ಮುದುಕಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ಮರುದಿನ ಕೂಸಿಗೆ ಜ್ವರ ಬಂತು. ಆ ವಾರ ನಾನು ಆ ಊರಲ್ಲಿ ಯಾವ ಬಾಗಿಲು ಬಡಿದರೂ "ಬಾಣಂತಿ ಮಲಗ್ಯಾಳ್ರಿ" ಅನ್ನುವ ಉತ್ತರವೇ ಬಂತು.

ಅಲ್ಲಿನ ಅಂಗನವಾಡಿ ಟೀಚರು ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದರು. "ಹೊಗಳಬ್ಯಾಡ್ರಿ ಬಾಯಾರ. ಪಾಪ, ಕೂಸು ಸೊರಗೇತಿ ಅನ್ರಿ. ಹಂಗಂದ್ರ ನೆದರೂ ಹತ್ತೂದಿಲ್ಲ, ತಾಯಿ ಬಾಯಿನೂ ಬಿಡ್ತಾಳ."

ಅವರು ಹೇಳಿದ್ದು ನಿಜವಾಯಿತು. ಹಿರೇಕೆರೂರಿನ ಕಡೆಯ ಗೋವಿನಜೋಳದ ಹೊಲದ ಮನೆಯಿರಲಿ, ತಡಸದ ಹೆದ್ದಾರಿಯ ಪಕ್ಕದ ಮನೆಯಿರಲಿ, ತೊಟ್ಟಿಲಿಗೆ ಬಗ್ಗಿ "ಯವ್ವಾ, ಕೂಸು ಸೊರಗೇತಲ್ಲ" ಅಂದರೆ ಸಾಕು. "ಇಲ್ಲ ತಗೋರಿ, ಚಲೋ ಹಾಲು ಕುಡೀತೈತಿ, ಬೆಳತನ ಮಲಗತೈತಿ, ನಿನ್ನೆ ಬೋರಲ ಬಿದ್ದೈತಿ" ಅಂತ ತಾಯಿ ತಾನಾಗಿ ಎಲ್ಲ ಹೇಳುತ್ತಿದ್ದಳು. ನಾನು ಕೇಳಬೇಕಾದ ಪ್ರಶ್ನೆಗಳಿಗೆಲ್ಲ ಕೇಳುವ ಮೊದಲೇ ಉತ್ತರ. ವರ್ಷಗಳು ಕಳೆದಂತೆ ಆ ಮಾತು ನನ್ನ ನಾಲಿಗೆಗೆ ಎಷ್ಟು ಒಗ್ಗಿತ್ತೆಂದರೆ, ಕೂಸು ಕಂಡ ಕೂಡಲೇ ಅದು ತಾನೇ ಹೊರಬರುತ್ತಿತ್ತು. ಅವ್ವನ ಬಾಯಲ್ಲಿ ಕೇಳಿದರೆ ಸಿಟ್ಟು ಬರುವ ಮಾತನ್ನೇ ನಾನು ಊರೂರಿಗೆ ಹೊತ್ತು ತಿರುಗುತ್ತಿದ್ದೆ. ಅದು ಆಗ ನನಗೆ ಹೊಳೆದಿರಲಿಲ್ಲ.

ಹೊರಡುವ ದಿನ ಅವ್ವ ಅಕ್ಕಿಆಲೂರಿನ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಹುಬ್ಬಳ್ಳಿಯ ಬಸ್ಸು ಬಂದು ನಿಂತಿತ್ತು. ಅಪ್ಪ ನನ್ನ ಪೆಟ್ಟಿಗೆ ಏರಿಸುತ್ತಿದ್ದ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಕರ್ರಗ, ಇಷ್ಟು ಬಡಕಲಾಗಿ ಅದಿ. ನಿನ್ನ ಯಾರು ನೋಡ್ತಾರ ಅಲ್ಲೆ, ಹೋಗು" ಅಂದಳು. ಆಮೇಲೆ ಎರಡೂ ಕೈಗಳಿಂದ ನನ್ನ ಕೆನ್ನೆ ನೀವಿ, ಬೆರಳುಗಳನ್ನು ತನ್ನ ಕಿವಿಯ ಮೇಲೆ ಒತ್ತಿ ಲಟಿಗೆ ಮುರಿದಳು. ಹತ್ತೂ ಬೆರಳು ಲಟಲಟ ಅಂದವು. ಸುತ್ತಲಿನವರು ನೋಡುತ್ತಿದ್ದರು, ನನಗೆ ನಾಚಿಕೆಯಾಯಿತು. ಹಾನಗಲ್ಲು ದಾಟುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದೆ.

ಇಂಗ್ಲೆಂಡಿನ ಉತ್ತರದ ಆ ಸಣ್ಣ ಪಟ್ಟಣ ನನ್ನನ್ನು ಕೆಟ್ಟದಾಗಿ ನಡೆಸಿಕೊಂಡಿತು ಅಂತ ಹೇಳಲಾರೆ. ಮ್ಯಾನೇಜರು ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಬಿಸ್ಕತ್ತು ಜಾಸ್ತಿ. ಕೆಲಸ ಕಲಿಸುವುದರಲ್ಲಿ ಕೈ ಬಿಗಿ ಇರಲಿಲ್ಲ. ಆದರೆ ಊರಿನ ಕೆಲಸಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿತ್ತು. ಹಾನಗಲ್ಲಿನಲ್ಲಿ ನಾನು ಹೋದರೆ ತೂಕದ ತಕ್ಕಡಿ ತಂದ ಬಾಯಾರು, ಅಷ್ಟೇ. ಇಲ್ಲಿ ನಾನು ಬರೆಯುವ ವರದಿಯ ಮೇಲೆ ಒಂದು ಮಗು ತಾಯಿಯ ಹತ್ತಿರ ಉಳಿಯುತ್ತದೋ, ಸರಕಾರ ಅದನ್ನು ಬೇರೆಯವರ ಮನೆಗೆ ಕೊಡುತ್ತದೋ ಅನ್ನುವುದು ನಿಂತಿರುತ್ತಿತ್ತು. ಬಾಗಿಲು ತೆರೆಯುವವರ ಮುಖದಲ್ಲಿ ಮೊದಲು ಕಾಣುವುದು ಭಯ. ಅದಕ್ಕೆ ಒಗ್ಗಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ನನ್ನ ಪಾಲಿಗೆ ಬಂದ ಮೊದಲ ಮನೆಗಳಲ್ಲಿ ಒಂದು ಆ ಹುಡುಗಿಯದು. ಗುರುತು ಸಿಗದಂತೆ ಒಂದಿಷ್ಟು ಬದಲಿಸಿಯೇ ಬರೆಯುತ್ತಿದ್ದೇನೆ. ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಇರುತ್ತಿದ್ದಳು. ಇಪ್ಪತ್ತು ತುಂಬಿತ್ತೋ ಇಲ್ಲವೋ. ಅವಳನ್ನೇ ಚಿಕ್ಕಂದಿನಲ್ಲಿ ತಾಯಿಯಿಂದ ಬಿಡಿಸಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಕಳಿಸಿ ಬೆಳೆಸಿದ್ದರು. ಈಗ ಅವಳಿಗೆ ಹೆಣ್ಣು ಕೂಸು ಹುಟ್ಟಿತ್ತು. ಕೂಸಿನ ಅಪ್ಪ ಇರಲಿಲ್ಲ, ತವರು ಅನ್ನುವುದು ಮೊದಲೇ ಇರಲಿಲ್ಲ. ಒಬ್ಬಳೇ ಸಾಕಬಲ್ಲಳೇ ಅಂತ ನೋಡಿ ನಾನು ಹೇಳಬೇಕಿತ್ತು. ಕೆಲವು ವಾರಗಳಲ್ಲಿ ನರ್ಸು, ವೈದ್ಯರು, ವಕೀಲರು ಎಲ್ಲ ಕೂಡುವ ಸಭೆಯಿತ್ತು. ಕೂಸು ಅವಳ ಹತ್ತಿರ ಇರಬೇಕೋ, ಕೋರ್ಟಿಗೆ ಹೋಗಬೇಕೋ ಅಂತ ಅಲ್ಲಿ ತೀರ್ಮಾನ.

ನಾನು ಹೋದ ದಿನ ಮನೆ ಒಪ್ಪವಾಗಿತ್ತು. ಹಾಲಿನ ಬಾಟಲಿಗಳನ್ನು ತೊಳೆದು ಸಾಲಾಗಿ ಬೋರಲು ಹಾಕಿದ್ದಳು. ನನಗೆ ಖುಷಿಯಾಯಿತು. ಅವಳು ಕೂಸನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು, ನೋಡು ಅನ್ನುವಂತೆ. ತೋಳಿನಲ್ಲಿ ಮಡಿಕೆ ಬಿದ್ದ, ಗಲ್ಲ ಉಬ್ಬಿದ ಕೂಸು. ಎಲೆಬಳ್ಳಿ ತೋಟದ ಮನೆಯ ತೊಟ್ಟಿಲಿನಲ್ಲಿದ್ದ ಕೂಸಿನಷ್ಟೇ ಗುಂಡಗಿತ್ತು. ನನ್ನ ಬಾಯಿಂದ ಬಂದದ್ದು ಇಂಗ್ಲಿಷೇ, ಆದರೆ ಅದು ಹಾನಗಲ್ಲಿನ ಮಾತು. "ಪಾಪ, ಎಷ್ಟು ಸೊರಗಿದೆ ಕೂಸು" ಅಂದೆ.

ಊರಲ್ಲಾಗಿದ್ದರೆ ಇಲ್ಲ ತಗೋರಿ ಅಂತ ಶುರುವಾಗಬೇಕಿತ್ತು. ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ನಾನು ಕೇಳಿದ್ದಕ್ಕೆಲ್ಲ ಹೌದು, ಇಲ್ಲ ಅಂತಷ್ಟೇ ಉತ್ತರ ಬಂತು. ಬಾಣಂತಿ, ನಿದ್ದೆಗೆಟ್ಟಿದ್ದಾಳೆ ಅಂದುಕೊಂಡು ಎದ್ದು ಬಂದೆ. ಏನು ಅಂದೆ ಅನ್ನುವುದು ಮೆಟ್ಟಿಲು ಇಳಿಯುವಷ್ಟರಲ್ಲಿ ನನಗೇ ನೆನಪಿರಲಿಲ್ಲ.

ಮುಂದಿನ ಸಲ ಹೋದಾಗ ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಹೋದೆ. ಒಳಗೆ ಕೂಸು ಅಳುವುದು ಕೇಳುತ್ತಿತ್ತು, ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ಬಾಗಿಲು ತೆರೆಯದ ತಾಯಿ ಅಂತ ವರದಿಯಲ್ಲಿ ಬರೆಯಲೇಬೇಕು. ಬರೆದೆ. ಅಂಥ ಒಂದೊಂದು ಸಾಲೂ ಆ ಸಭೆಯಲ್ಲಿ ಅವಳ ವಿರುದ್ಧ ನಿಲ್ಲುತ್ತದೆ ಅಂತ ಗೊತ್ತಿದ್ದೇ ಬರೆದೆ. ಅವಳ ಮೇಲೆ ಸಿಟ್ಟೂ ಬಂತು. ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದವಳು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದಾಳಲ್ಲ ಅಂತ.

ಸಭೆಗೆ ನಾಲ್ಕು ದಿನ ಇರುವಾಗ ಕ್ಲಿನಿಕ್ಕಿನ ನರ್ಸು ಫೋನ್ ಮಾಡಿದಳು. ಕೂಸುಗಳ ತೂಕ ನೋಡುವವಳು ಅವಳೇ. ಆ ಹುಡುಗಿ ದಿನಾ ಬಂದು ತೂಕ ಹಾಕಿಸುತ್ತಿದ್ದಾಳಂತೆ. ಕೂಸಿಗೆ ಹೊಟ್ಟೆ ಕಟ್ಟಿಕೊಂಡಿದೆ, ಅಳು ನಿಲ್ಲುತ್ತಿಲ್ಲ. ವಿಚಾರಿಸಿದರೆ ಬೇಗ ತೂಕ ಬರಲಿ ಅಂತ ಹಾಲಿನ ಪುಡಿಯನ್ನು ಅಳತೆಗಿಂತ ಹೆಚ್ಚು ಹಾಕಿ ಕುಡಿಸುತ್ತಿದ್ದಳಂತೆ. ಹಾಗೆ ಮಾಡಿದರೆ ಕೂಸಿನ ಜೀವಕ್ಕೆ ಅಪಾಯ.

"ಯಾಕೆ ಹಾಗೆ ಮಾಡಿದಳು?" ಅಂತ ಕೇಳಿದೆ.

"ಯಾರೋ ಅವಳಿಗೆ ಮಗು ತುಂಬ ತೆಳ್ಳಗಿದೆ ಅಂದರಂತೆ. ಯಾರು ಅಂದದ್ದು ಅಂತ ಹೇಳುತ್ತಿಲ್ಲ. ಈ ಮಗುವನ್ನು ತೆಳ್ಳಗಿದೆ ಅನ್ನುವವರಿಗೆ ಕಣ್ಣಿಲ್ಲ" ಅಂದಳು ನರ್ಸು.

ಸವಣೂರಿನ ಮುದುಕಿ, ಅಂಗನವಾಡಿ ಟೀಚರು, ಎರಡೂ ಕೈಯಲ್ಲಿ ಕೂಸು ಹಿಡಿದು ನಿಂತ ಈ ಹುಡುಗಿ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದರು. "ಅದು ನಾನು" ಅಂದೆ. ನರ್ಸಿಗೆ ಅರ್ಥವಾಗಲಿಲ್ಲ. ಮ್ಯಾನೇಜರಿಗೆ ಹೋಗಿ ಎಲ್ಲ ಹೇಳಿದೆ. ಅವಳು "ನನಗೆ ಹೇಳಿದ್ದನ್ನು ಅವಳಿಗೆ ಹೋಗಿ ಹೇಳು. ನರ್ಸನ್ನೂ ಕರೆದುಕೊಂಡು ಹೋಗು" ಅಂದಳು.

ಹೋಗುವ ಮೊದಲು ಊರಿಗೆ ಫೋನ್ ಮಾಡಿದೆ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಅಳು ಬರುವಂತಿತ್ತು.

ಅವ್ವ ಎಲ್ಲ ಕೇಳಿದಳು. "ಸೊರಗೇತಿ ಅಂದ್ರ ತಪ್ಪೇನಾತು? ಚಲೋದನ್ನ ಅಂದಿ."

"ಇಲ್ಲೆ ಹಂಗಂದ್ರ ಕೂಸಿಗೆ ಹೊಟ್ಟಿಗೆ ಹಾಕಿಲ್ಲಂತ ತಿಳಕೋತಾರ ಬೇ. ಹೊಟ್ಟಿಗೆ ಹಾಕದಿದ್ರ ಸರಕಾರದವರು ಕೂಸನ್ನ ಒಯ್ತಾರ."

"ಸರಕಾರದವರು ಅಂದ್ರ ಯಾರು ಬರ್ತಾರ ಒಯ್ಯಾಕ?"

"ನಾನ ಬರೋದು."

ಅವ್ವನ ಹಿಂದೆ ಓಣಿಯ ಗಿರಣಿಯ ಸದ್ದು ಕೇಳುತ್ತಿತ್ತು.

"ನಾವು ಯಾಕ ಹಂಗ ಅಂತೇವಿ ಹೇಳು? ಚಂದ ಐತಿ ಅಂದ್ರ ಯಾರರ ಕಸಗೊಂಡು ಹೋಗ್ತಾರಂತ ಅಂಜಿಕಿ. ದೇವರಿರಲಿ, ದೆವ್ವಿರಲಿ, ಬಡಕಲ ಕೂಸನ್ನ ಯಾರೂ ಮುಟ್ಟೂದಿಲ್ಲ. ನೀ ಹೊಂಟಾಗ ಓಣಿ ತುಂಬ ಕಣ್ಣಿದ್ದುವು. ನಾ ಏನಂತ ಅನ್ನಬೇಕಾಗಿತ್ತು? ನನ್ನ ಮಗಳು ಬಂಗಾರದಂಥಾಕಿ ಅಂತ ಡಂಗುರಾ ಸಾರಬೇಕಾಗಿತ್ತೇನು?"

ಅಷ್ಟು ವರ್ಷಗಳ ಕಡ್ಡಿ, ಹೆಡ್ಡಿ, ಕರಿಬೂಚಿ ಎಲ್ಲ ಎದೆಗೆ ಬಂದು ಕೂತವು. ಫೋನ್ ಕಿವಿಗೆ ಒತ್ತಿಕೊಂಡು ಅತ್ತೆ, ನಾಚಿಕೆಯೇನೂ ಆಗಲಿಲ್ಲ.

"ಅಳಬ್ಯಾಡ" ಅಂದಳು ಅವ್ವ. "ಆ ಹುಡುಗಿಗೆ ಹೋಗಿ ಹೇಳು, ಒಯ್ಯಾಕ ಬಂದಿಲ್ಲವ್ವಾ, ಕಾಯಾಕ ಬಂದೇನಿ ಅಂತ."

ಹಾಗೆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಸಭೆಯಲ್ಲಿ ಏನಾಗುತ್ತದೋ ಯಾರಿಗೆ ಗೊತ್ತು. ಸತ್ಯವನ್ನು ಮಾತ್ರ ಹೇಳಬಹುದಿತ್ತು.

ನರ್ಸನ್ನು ಕರೆದುಕೊಂಡು ಹೋಗಿ, ಹುಡುಗಿಯ ಬಾಗಿಲು ಬಡಿದು, ಅದರಲ್ಲಿನ ಟಪಾಲು ಹಾಕುವ ಸಂದಿಗೆ ಬಗ್ಗಿ, "ನಿನ್ನ ಮಗು ಸೊರಗಿಲ್ಲ. ಅವತ್ತೂ ಸೊರಗಿರಲಿಲ್ಲ. ನಾನು ಹೇಳಿದ್ದು ಸುಳ್ಳು" ಅಂದೆ.

ಬಾಗಿಲು ಒಳಗಿನ ಸರಪಳಿ ಬಿಡುವಷ್ಟು ತೆರೆಯಿತು. ಅರ್ಧ ಮುಖ ಕಂಡಿತು. "ಸುಳ್ಳು ಯಾಕೆ ಹೇಳಿದೆ?"

ಮೆಟ್ಟಿಲ ಮೇಲೆ ನಿಂತೇ ಹೇಳಿದೆ. ನೆದರಿನ ಬಗ್ಗೆ, ಸವಣೂರಿನ ಮುದುಕಿಯ ಬಗ್ಗೆ, ಬುದ್ಧನ ಪಟಕ್ಕೆ ಇಟ್ಟ ಬೊಟ್ಟಿನ ಬಗ್ಗೆ. ನನ್ನ ಪಕ್ಕದಲ್ಲಿ ನರ್ಸು ಬಾಯಿ ತೆರೆದು ಕೇಳುತ್ತಿದ್ದಳು. ಕೊನೆಗೆ ಒಳಗಿನವಳು ಕೇಳಿದಳು, "ಅಂದರೆ ನಿಮ್ಮ ಊರಲ್ಲಿ ಮಗು ಚೆನ್ನಾಗಿದ್ದಷ್ಟೂ ಹೆಚ್ಚು ಬೈಯುತ್ತೀರಾ?"

"ಹೌದು."

"ನಿನ್ನ ತಾಯಿಯೂ?"

"ನಮ್ಮವ್ವ ಊರಿಗೆಲ್ಲ ಮೇಲು."

ಅವಳು ನೆಲ ನೋಡಿದಳು. "ನನ್ನನ್ನೂ ಎಲ್ಲ ಮನೆಯಲ್ಲೂ ಬೈದರು. ಆದರೆ ಯಾರೂ ಹಾಗೆ ಬೈದಿಲ್ಲ" ಅಂದು ಸರಪಳಿ ತೆಗೆದಳು.

ನರ್ಸು ಅಡುಗೆಮನೆಗೆ ಹೋಗಿ ಹಾಲಿನ ಪುಡಿಯ ಅಳತೆಯನ್ನು ಮತ್ತೆ ತೋರಿಸಿಕೊಟ್ಟಳು. ಹುಡುಗಿ ಅವಳ ಎದುರಿಗೇ ಒಂದು ಬಾಟಲಿ ಕಲಸಿದಳು. ಕೂಸು ಕುಡಿದು ಮಲಗಿತು. ನಾನು ಅದರ ಕಡೆ ಕಣ್ಣು ಎತ್ತಿಯೂ ನೋಡಲಿಲ್ಲ.

ಸಭೆಯಲ್ಲಿ ಮೊದಲು ನಾನೇ ಎದ್ದು ಮಾತಾಡಿದೆ. ಬಾಗಿಲು ಮುಚ್ಚಿದ್ದು, ಪುಡಿ ಹೆಚ್ಚು ಹಾಕಿದ್ದು ಎರಡೂ ನನ್ನ ಮಾತಿನಿಂದ ಆದದ್ದು ಅಂತ ಹೇಳಿದೆ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಕೆಲಸ ಹೋದರೆ ವೀಸಾ ಕೂಡ ಹೋಗುತ್ತಿತ್ತು. ಅಂಜಿಕೆಯಿತ್ತು. ವಕೀಲರು ಒಬ್ಬರನ್ನೊಬ್ಬರು ನೋಡಿಕೊಂಡರು. ವೈದ್ಯರೊಬ್ಬರು ಮಾತ್ರ, "ಮಗು ತೆಳ್ಳಗಿದೆ ಅಂದ ಕೂಡಲೇ ಓಡಿ ಬಂದು ದಿನಾ ತೂಕ ಹಾಕಿಸುವ ತಾಯಿಯನ್ನು ನಾವು ಯಾವ ಕಾರಣಕ್ಕೆ ಅನುಮಾನಿಸುತ್ತಿದ್ದೇವೆ?" ಅಂತ ಕೇಳಿದರು. ಮೇಜಿನ ಆ ತುದಿಯಲ್ಲಿ ಕೂತಿದ್ದ ಹುಡುಗಿ ಕೂಸಿನ ಕಾಲುಚೀಲ ಸರಿಮಾಡುತ್ತಿದ್ದಳು, ಕೈ ನಿಲ್ಲಿಸಿದಳು. ಕೂಸು ತಾಯಿಯ ಹತ್ತಿರವೇ ಇರಲಿ, ನಾವು ಹೋಗಿ ನೋಡುತ್ತಿರೋಣ ಅಂತ ತೀರ್ಮಾನವಾಯಿತು. ನನ್ನನ್ನು ಕಾಯಂ ಮಾಡುವುದನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿದರು. ಮ್ಯಾನೇಜರು ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿ, "ಇನ್ನು ಮುಂದೆ ನಿಮ್ಮೂರಿನ ಮಾತೇನಾದರೂ ಬಾಯಿಗೆ ಬಂದರೆ ಮೊದಲು ನನಗೆ ಫೋನ್ ಮಾಡು" ಅಂದಳು. ಅದು ಬೈಗುಳವೋ ತಮಾಷೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ವರ್ಷವಿಡೀ ನಾನು ಆ ಮನೆಗೆ ಹೋದೆ. ಕೂಸು ಕೂತಿತು, ಅಂಬೆಗಾಲಿಟ್ಟಿತು, ನನ್ನ ಚೀಲದ ಜಿಪ್ಪು ಕಿತ್ತಿತು. ಹುಡುಗಿ ಕೆಳಗಿನ ಅಂಗಡಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದಳು, ಅಂಗಡಿಯ ಹೆಂಗಸು ಕೂಸನ್ನು ಎತ್ತಿಕೊಂಡು ಗಿರಾಕಿಗಳ ಜೊತೆ ಮಾತಾಡುವಷ್ಟು ಬಳಕೆಯಾಯಿತು. ಇನ್ನು ಈ ಮನೆಗೆ ಸರಕಾರದ ಕಣ್ಣು ಬೇಕಿಲ್ಲ ಅಂತ ಬರೆದು ಸಹಿ ಹಾಕಿದವಳು ನಾನೇ. ಎಷ್ಟೋ ವರದಿ ಬರೆದಿದ್ದೇನೆ, ಅಷ್ಟು ಸಂತೋಷದಿಂದ ಇನ್ನೊಂದನ್ನು ಬರೆದ ನೆನಪಿಲ್ಲ.

ಕಡೆಯ ದಿನ ಅದನ್ನು ಹೇಳಲು ಹೋದೆ. ಬಾಗಿಲು ನಾನು ಬಡಿಯುವ ಮೊದಲೇ ತೆರೆದಿತ್ತು. ಅವಳ ತೋಳಲ್ಲಿ ಕೂಸು. ಎಡಗೆನ್ನೆಯ ಮೇಲೆ, ಕಣ್ಣಿಗೆ ಹಚ್ಚುವ ಪೆನ್ಸಿಲ್ಲಿನಿಂದ ಇಟ್ಟ ದೊಡ್ಡದೊಂದು ಕಪ್ಪು ಬೊಟ್ಟು. ಸೊಟ್ಟಗಿತ್ತು.

"ಇನ್ನು ನೀನು ಬರುವುದಿಲ್ಲ ಅಲ್ಲವಾ?" ಅಂದಳು.

"ಇಲ್ಲ. ಇನ್ನು ಯಾರೂ ಬರುವುದಿಲ್ಲ."

"ಹಾಗಾದರೆ ಈಗ ನಿಜ ಹೇಳು. ಹೇಗಿದ್ದಾಳೆ?"

ಸವಣೂರಿನ ಆ ಮನೆಯಿಂದ ಹೊರಬಿದ್ದ ಮೇಲೆ ನಾನು ಒಂದು ಕೂಸಿಗೂ ಚಂದ ಐತಿ ಅಂತ ಅಂದಿರಲಿಲ್ಲ. "ಚಂದ ಇದ್ದಾಳೆ" ಅಂದೆ. "ಬಹಳ ಚಂದ ಇದ್ದಾಳೆ. ಬಂಗಾರದಂಥವಳು." ಅಂದದ್ದೇ ಅಂಜಿಕೆಯಾಯಿತು. ನನಗೇ ತಿಳಿಯದಂತೆ ಕೈಗಳು ಮುಂದೆ ಹೋಗಿ ಕೂಸಿನ ಕೆನ್ನೆ ನೀವಿ, ನನ್ನ ಕಿವಿಯ ಮೇಲೆ ಬಂದು ಲಟಿಗೆ ಮುರಿದವು.

"ಅದೇನು?" ಅಂತ ಕೇಳಿದಳು.

ನಮ್ಮವ್ವ ನನ್ನನ್ನು ಬಸ್ಸು ಹತ್ತಿಸುವಾಗ ಹೀಗೆ ಮಾಡಿದ್ದಳು ಅಂತ ಹೇಳಿದೆ. ಅಲ್ಲಿಂದ ಈಚೆಗೆ ನನಗೆ ಯಾರಾದರೂ ಮಾಡಿದ್ದಾರಾ ಅಂತ ಕೇಳಿದಳು. ಇಲ್ಲಿ ಯಾರು ಮಾಡುತ್ತಾರೆ ಅಂದೆ.

ಅವಳು ಕೂಸನ್ನು ನೆಲದ ಮೇಲೆ ಕೂರಿಸಿದಳು. ನನ್ನ ಎರಡೂ ಕೆನ್ನೆ ಮುಟ್ಟಿ, ಬೆರಳುಗಳನ್ನು ತನ್ನ ಕಿವಿಯ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿದಳು. ಹತ್ತರಲ್ಲಿ ಒಂದೇ ಒಂದು ಬೆರಳು ಲಟ್ ಅಂದಿತು.

"ತುಂಬ ಸೊರಗಿದ್ದೀಯ" ಅಂದಳು.